ಜಾವಾದಲ್ಲಿ ಒಂದು ರಥದ ಚಕ್ರ

ಬನಶಂಕರಿ, ಹೊರಡುವ ಮುನ್ನ

ವಿಮಾನ ತಪ್ಪಬಹುದಿತ್ತು. ವಿಮಾನ ನಿಲ್ದಾಣದ ಬಸ್ಸು ಮೇಖ್ರಿ ಸರ್ಕಲ್ಲಿನಲ್ಲಿ ಸಿಕ್ಕಿಕೊಂಡು, ನಮ್ಮ ವಿಮಾನ ತಲೆಯ ಮೇಲೆ ಹಾರಿಹೋಗುವುದನ್ನು ನಾವು ಕಿಟಕಿಯಿಂದ ನೋಡಬಹುದಿತ್ತು. ಅಕ್ಕನ ಶ್ರುತಿಪೆಟ್ಟಿಗೆ ಬ್ಯಾಗಿನೊಳಗೆ ತಾನಾಗಿ ಗುಂಯ್‌ಗುಡಲು ಶುರುಮಾಡಿ, ಭದ್ರತೆಯವರು ನಮ್ಮಿಬ್ಬರನ್ನೂ ಬೇರೆ ಬೇರೆ ಕೋಣೆಗೆ ಕರೆದೊಯ್ಯಬಹುದಿತ್ತು. ನನ್ನ ಪಾಸ್‌ಪೋರ್ಟಿನ ಫೋಟೊ ಒಂಬತ್ತು ವರ್ಷ ಹಳೆಯದು, ಅದರಲ್ಲಿ ನನಗೆ ತಲೆತುಂಬ ಕೂದಲಿದೆ. ಇದು ನೀನಲ್ಲ ಎಂದು ಅಧಿಕಾರಿ ಹೇಳಿದರೆ ನಾನು ಒಪ್ಪಿಕೊಂಡು ವಾಪಸು ಬಂದುಬಿಡುವ ಸಾಧ್ಯತೆ ಇತ್ತು. ಅಕ್ಕನ ಸಕ್ಕರೆ ಏರಬಹುದಿತ್ತು, ಇಳಿಯಲೂಬಹುದಿತ್ತು. ಸಾರಿನಲ್ಲಿ ಮೀನು ಇರಬಹುದಿತ್ತು. ಅಲ್ಲಿ ಜೀವಂತ ಜ್ವಾಲಾಮುಖಿ ಇದೆ, ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇತ್ತ ಬನಶಂಕರಿಯ ಮನೆಯಲ್ಲಿ ನಾನು ಗೀಸರ್ ಆರಿಸಿರದೇ ಇರಬಹುದಿತ್ತು.

ನಾನು ವಿಮಾ ಕಛೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ ಮಾಡುತ್ತಿರುವವನು. ಏನೇನು ಕೆಡಬಹುದು ಎಂದು ಯೋಚಿಸುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಉಳಿದವರಿಗೆ ಸಂಜೆ ಆರು ಗಂಟೆಗೆ ಆ ಕೆಲಸ ಮುಗಿಯುತ್ತದೆ, ನನಗೆ ಮುಗಿಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಆದರೆ ಇವೆಲ್ಲ ಸಣ್ಣ ಭಯಗಳು. ದೊಡ್ಡದು ಒಂದೇ ಇತ್ತು. ಅಕ್ಕ ಅಲ್ಲಿ ಹಾಡಲು ಕೂತು, ಅದೇ ಪದ್ಯದ ಹತ್ತಿರ ಬಂದು, ಮತ್ತೆ ನಿಂತುಬಿಡಬಹುದಿತ್ತು.

ನಮ್ಮ ಪ್ರಭಕ್ಕ ಗಮಕಿ. ಹಳೆಯ ಕಾವ್ಯವನ್ನು ರಾಗ ಹಚ್ಚಿ ಓದುವವಳು. ಪಕ್ಕದಲ್ಲಿ ಕೂತು ಅರ್ಥ ಹೇಳುವ ವ್ಯಾಖ್ಯಾನಕಾರ ನಾನು. ಅಕ್ಕ ಪದ್ಯ ಓದಿ ನಿಲ್ಲಿಸುತ್ತಾಳೆ, ನಾನು ಬಿಡಿಸಿ ಹೇಳುತ್ತೇನೆ, ನನ್ನ ಮಾತು ಮುಗಿಯುವವರೆಗೆ ಅವಳು ಮುಂದಿನ ಪದ್ಯ ಎತ್ತುವ ಹಾಗಿಲ್ಲ. ನಮ್ಮ ತಂದೆಯ ಕಾಲದಿಂದ ಬಂದ ಇನ್ನೊಂದು ಕಟ್ಟಳೆಯೂ ಇದೆ. ವೀರನೊಬ್ಬನ ಸಾವು ಓದಿದರೆ ಅದೇ ಕೂಟದಲ್ಲಿ ಒಂದು ಹುಟ್ಟನ್ನೋ ಮದುವೆಯನ್ನೋ ಓದಿ ಪುಸ್ತಕ ಮುಚ್ಚಬೇಕು. ಯುದ್ಧದ ನಡುವೆ ಎದ್ದುಹೋಗುವುದಂತೂ ಕೂಡದು.

ಎಂಟು ತಿಂಗಳ ಹಿಂದೆ ನಾವು ಎದ್ದುಹೋದೆವು. ತ್ಯಾಗರಾಜನಗರದ ಒಂದು ಸಣ್ಣ ಸಭಾಂಗಣದಲ್ಲಿ ದೊಡ್ಡ ಯುದ್ಧದ ಕಥೆ ತಿಂಗಳುದ್ದಕ್ಕೂ ನಡೆದಿತ್ತು. ಭಾವ ಆಸ್ಪತ್ರೆಯಲ್ಲಿದ್ದರು. ಗುಣವಾಗಿತ್ತು, ನಾಳೆ ಮನೆಗೆ ಕಳಿಸುತ್ತೇವೆ ಎಂದಿದ್ದರು. ‘ನಾನು ಆರಾಮಾಗಿದೀನಿ, ನೀನು ಹೋಗಿ ಓದು’ ಎಂದು ಅಕ್ಕನನ್ನು ಕಳಿಸಿದವರೂ ಅವರೇ. ಆ ಸಂಜೆ ಸೂರ್ಯನ ಮಗನ ಸರದಿ. ಹುಟ್ಟಿದ ಕೂಡಲೇ ಹೊಳೆಗೆ ಬಿದ್ದವನು, ಸಾರಥಿಯ ಮನೆಯಲ್ಲಿ ಬೆಳೆದವನು, ಮೈಮೇಲಿನ ಕವಚವನ್ನೇ ಕೊಯ್ದು ದಾನ ಕೊಟ್ಟವನು. ಅವನ ರಥದ ಚಕ್ರ ನೆಲದಲ್ಲಿ ಹೂತುಹೋಗುವ ಪದ್ಯ ಓದಿ ಅಕ್ಕ ನನ್ನ ಕಡೆ ತಿರುಗಿದಳು. ನಾನು ಆ ಒಂದು ಚಕ್ರದ ಮೇಲೆ ಇಪ್ಪತ್ತು ನಿಮಿಷ ಮಾತಾಡಿದೆ. ನನಗೆ ಆ ದಿನ ಮಾತು ಬಹಳ ಚೆನ್ನಾಗಿ ಬರುತ್ತಿತ್ತು. ಅಷ್ಟರಲ್ಲಿ ಯಾರೋ ಚೀಟಿ ತಂದರು. ನಾವು ಆಸ್ಪತ್ರೆ ತಲುಪುವಾಗ ಎಲ್ಲ ಮುಗಿದಿತ್ತು.

ಅಂದಿನಿಂದ ಅಕ್ಕ ಹಾಡಿಲ್ಲ. ಆ ವೀರನ ಹೆಸರನ್ನೂ ಎತ್ತಿಲ್ಲ. ಅವಳಿಗಾಗಿ ನಾನೂ ಇಲ್ಲಿ ಎತ್ತುವುದಿಲ್ಲ.

ಜಾವಾಕ್ಕೆ ಕರೆದದ್ದು ರತ್ನಾ. ಯೋಗ್ಯಕರ್ತ ಊರಿನ ಹುಡುಗಿ, ನೃತ್ಯ ಕಲಿಯಲು ಬಂದು ಎರಡು ವರ್ಷ ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದವಳು. ನಮ್ಮ ಓದುಗಳಿಗೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಅವಳ ಪರಿಚಯದ ತೊಗಲುಗೊಂಬೆ ಆಡಿಸುವವರ ಮನೆಯಲ್ಲಿ ಅಕ್ಕ ಸ್ವಲ್ಪ ಹೊತ್ತು ಓದಬೇಕು ಎಂದು ಫೋನು ಮಾಡಿದಳು. ಅಕ್ಕ ಆಗಲಿ ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡಳು. ನಾನು ಗೀಸರನ್ನು ಮೂರು ಸಲ ನೋಡಿ ಬಂದೆ.

ಮೊದಲ ದಿನ, ಹೆಸರುಗಳ ಊರು

ಊರಿಗೆ ಊರೇ ನಿದ್ದೆಯಿಂದ ಆಗತಾನೇ ಎದ್ದು, ಮತ್ತೆ ಮಲಗಲೋ ಎಂದು ಯೋಚಿಸುತ್ತಿರುವ ಹಾಗಿತ್ತು. ಗಾಳಿಯಲ್ಲಿ ಲವಂಗದ ಬೀಡಿಯ ವಾಸನೆ. ಎಲ್ಲೋ ಗೋಡೆಯಾಚೆ ಯಾರೋ ಕಂಚಿನ ಬಟ್ಟಲುಗಳನ್ನು ಮೆಲ್ಲಗೆ ಬಡಿಯುತ್ತಿದ್ದರು. ಸದ್ದು ಮುಗಿದ ಮೇಲೂ ಅದರ ಗುಂಗು ಬೀದಿಯ ತುದಿಯವರೆಗೆ ನಮ್ಮ ಜೊತೆಗೇ ನಡೆದು ಬಂತು.

ಅಲ್ಲಿಯ ಸೈಕಲ್ ರಿಕ್ಷಾದಲ್ಲಿ ಕೂರುವವರು ಮುಂದೆ, ತುಳಿಯುವವನು ಹಿಂದೆ. ಎದುರಿನಿಂದ ಬರುವ ಲಾರಿಗೂ ನನ್ನ ಮೊಣಕಾಲಿಗೂ ನಡುವೆ ಏನೂ ಇಲ್ಲ. ಜಯನಗರದಲ್ಲಿ ನಾನು ಆಟೋದೊಳಗೇ ಕಂಬಿ ಹಿಡಿದು ಕೂರುವವನು. ಇಲ್ಲಿ ಹಿಡಿಯಲು ಅಕ್ಕನ ಕೈಚೀಲ ಮಾತ್ರ ಇತ್ತು.

‘ಬಿಡೋ, ಹರೀತದೆ’ ಎಂದಳು ಅಕ್ಕ.

ಕಣ್ಣು ಬಿಟ್ಟು ನೋಡಿದ್ದು ಆಮೇಲೆ. ಬೀದಿಯ ಫಲಕದ ಮೇಲೆ ಐವರು ಅಣ್ಣತಮ್ಮಂದಿರಲ್ಲಿ ಮೂರನೆಯವನ ಹೆಸರು. ಎರಡನೆಯವನ ಹೆಸರಿನಲ್ಲಿ ರೈಲು ಓಡುತ್ತದಂತೆ. ಕ್ಷೌರದಂಗಡಿಗೆ ಅವರ ತಾಯಿಯ ಹೆಸರು ಯಾಕಿಟ್ಟರೋ ಗೊತ್ತಿಲ್ಲ. ಮಧ್ಯಾಹ್ನ ನಮ್ಮನ್ನು ಕಾರಿನಲ್ಲಿ ಕರೆದೊಯ್ದ ಚಾಲಕ, ಮಸೀದಿಯಿಂದ ನೇರ ಬಂದ ನಲವತ್ತರ ಗೃಹಸ್ಥ, ತನ್ನ ಹೆಸರು ಹೇಳಿದಾಗ ಅಕ್ಕ ಬೆಚ್ಚಿ ನೋಡಿದಳು. ಐವರಲ್ಲಿ ಕೊನೆಯ ಅವಳಿಗಳಿದ್ದಾರಲ್ಲ, ಅವರಲ್ಲಿ ಒಬ್ಬನ ಹೆಸರು. ಇನ್ನೊಬ್ಬ ಮನೆಯಲ್ಲಿದ್ದಾನೆ, ಅವನಿಗೆ ಸಕ್ಕರೆ ಕಾಯಿಲೆ ಎಂದ.

ಆತ ರತ್ನಾಳ ಮೂಲಕ ನನ್ನನ್ನು ಕೇಳಿದ ಪ್ರಶ್ನೆ ಇನ್ನೂ ಮರೆತಿಲ್ಲ. ‘ಅಂಕಲ್, ಇವರು ಕೇಳ್ತಿದಾರೆ, ಇಂಡಿಯಾದಲ್ಲೂ ಆ ಐದು ಜನ ಗೊತ್ತಾ ಅಂತ.’

‘ಗೊತ್ತಾ ಅಂದ್ರೆ? ಅವರು ನಮ್ಮೋರಲ್ವೇನಮ್ಮ?’

ರತ್ನಾ ಅದನ್ನು ಹೇಳಿದಳು. ಆತ ಮರ್ಯಾದೆಯಿಂದ ನಕ್ಕ. ಚಿಕ್ಕವರ ತಪ್ಪನ್ನು ತಿದ್ದದೆ ಬಿಡುವವರ ನಗು. ಆಮೇಲೆ ದೂರದ ಒಂದು ಬೆಟ್ಟ ತೋರಿಸಿ, ಅವರ ಮನೆಗಳು ಅದರಾಚೆ ಇದ್ದವು ಎಂದ.

ನಾನು ವಾದಕ್ಕೆ ಇಳಿಯುವವನಿದ್ದೆ. ಆದರೆ ಯಾವ ಬಾಯಲ್ಲಿ ಇಳಿಯುವುದು? ನಮ್ಮ ಕನಕಪುರ ರಸ್ತೆಯ ಎಡಬಲದ ಪ್ರತಿ ಬಂಡೆಯ ಮೇಲೂ ಅವರೇ ಉಂಡು ಎದ್ದಿದ್ದಾರೆ, ಪ್ರತಿ ಹೊಂಡಕ್ಕೂ ಎರಡನೆಯವನ ಮೊಣಕಾಲು ಊರಿದೆ. ಹನ್ನೆರಡು ವರ್ಷದ ವನವಾಸದಲ್ಲಿ ಇಷ್ಟು ಕಡೆ ಊಟ ಮಾಡಿದವರು ಜಾವಾಕ್ಕೆ ಬಂದಿರಲಾರರು ಎಂದು ಹೇಳಲು ನಾನು ಯಾರು.

ಸಂಜೆ ಅಕ್ಕನಿಗೆ ನನ್ನ ಹೊಸ ಸಿದ್ಧಾಂತ ಹೇಳಿದೆ. ಹಿಂದಿನವರು ವೀರನನ್ನು ಕಟ್ಟಿದ್ದು ವಿಮೆಗಾಗಿ ಇರಬೇಕು. ಮನುಷ್ಯನಿಗೆ ಏನೆಲ್ಲ ಕೆಡಬಹುದೋ ಅಷ್ಟನ್ನೂ ಒಬ್ಬನ ತಲೆಗೆ ಕಟ್ಟುವುದು. ತಾಯಿ ಬಿಡುತ್ತಾಳೆ, ಗುರು ಶಪಿಸುತ್ತಾನೆ, ನೆಲ ಚಕ್ರವನ್ನು ನುಂಗುತ್ತದೆ. ನಮ್ಮೆಲ್ಲರ ಪಾಲಿನ ಕಷ್ಟವನ್ನು ಅವನು ತೀರಿಸಿಬಿಟ್ಟರೆ ನಾವು ನೆಮ್ಮದಿಯಾಗಿ ಮನೆಗೆ ಹೋಗಿ ಊಟ ಮಾಡಬಹುದು.

ಅಕ್ಕ ಸೀರೆ ಮಡಿಸುತ್ತಿದ್ದಳು. ‘ಹಂಗಾದ್ರೆ ನಮ್ಮನೇಲಿ ಯಾಕೋ ಕ್ಲೇಮ್ ಆಗ್ಲಿಲ್ಲ?’ ಎಂದಳು.

ನಾನು ಸೀರೆಯ ಇನ್ನೊಂದು ತುದಿ ಹಿಡಿದುಕೊಟ್ಟೆ.

ಎರಡನೇ ದಿನ, ಕಲ್ಲುಗುಡಿಗಳ ಬಯಲು

ಊರಾಚೆಯ ಬಯಲಿನಲ್ಲಿ ಕಪ್ಪು ಕಲ್ಲಿನ ಗುಡಿಗಳು ಉರಿದು ಆರಿದ ಪಂಜುಗಳ ಹಾಗೆ ನಿಂತಿದ್ದವು. ಹಿಂದೆ ಜ್ವಾಲಾಮುಖಿ ಇದೆ ಎಂದರು. ಮಂಜಿನಲ್ಲಿ ಅದು ಕಾಣಲಿಲ್ಲ. ಕಾಣದ ಜ್ವಾಲಾಮುಖಿ ಕಾಣುವುದಕ್ಕಿಂತ ಅಪಾಯ ಎಂದು ನಾನು ಬೆನ್ನು ತಿರುಗಿಸದೆ ಓಡಾಡಿದೆ.

ಶಾಲಾ ಹುಡುಗಿಯರ ಒಂದು ಹಿಂಡು ಅಕ್ಕನನ್ನು ಸುತ್ತುವರಿದು ಫೋಟೊ ಕೇಳಿತು. ಅವಳ ಇಳಕಲ್ ಸೀರೆಯ ಸೆರಗನ್ನು ಮುಟ್ಟಿ ಮುಟ್ಟಿ ನೋಡಿದರು. ನನ್ನ ಜೊತೆ ಫೋಟೊ ಯಾರೂ ಕೇಳಲಿಲ್ಲ. ಒಬ್ಬಳು ಮಾತ್ರ ನನ್ನನ್ನು ಸ್ವಲ್ಪ ಪಕ್ಕಕ್ಕೆ ಸರಿಯಲು ಹೇಳಿದಳು.

ಗುಡಿಯ ಒಳಸುತ್ತಿನ ಗೋಡೆಯ ಮೇಲೆ ಕಲ್ಲಿನ ಕಥೆ. ಕೋತಿಗಳು, ಸೇತುವೆ, ಅಡವಿ, ಬಿಲ್ಲು. ಅಕ್ಕ ಬೆರಳು ಸವರುತ್ತಾ ನಡೆದಳು. ಒಂದೊಂದು ಕಡೆ ಅವಳ ತುಟಿ ಅಲ್ಲಾಡುತ್ತಿತ್ತು, ಧ್ವನಿ ಬರುತ್ತಿರಲಿಲ್ಲ. ಬಿಸಿಲು ಏರಿದಂತೆ ಕಲ್ಲುಗಳು ಮೆಲ್ಲಗೆ ಉಸಿರಾಡುತ್ತಿರುವ ಹಾಗೆ ಅನ್ನಿಸಿತು. ಎಲ್ಲರೂ ಸಾವಿರ ವರ್ಷದಿಂದ ಅದೇ ಹೆಜ್ಜೆ ಎತ್ತಿಕೊಂಡು ನಿಂತಿದ್ದಾರೆ, ಇನ್ನೂ ನೆಲಕ್ಕೆ ಊರಿಲ್ಲ.

ಮೆಟ್ಟಿಲ ಮೇಲೆ ನೆರಳು ಹುಡುಕಿ ಕೂತೆವು. ರತ್ನಾ ಎಳನೀರು ತರಲು ಹೋದಳು.

‘ಸೀನು’ ಎಂದಳು ಅಕ್ಕ. ‘ಅವತ್ತು ನೀನು ಚಕ್ರದ ಬಗ್ಗೆ ಹೇಳ್ತಿದ್ಯಲ್ಲ. ಆಗ ನನ್ನ ಬ್ಯಾಗಲ್ಲಿ ಫೋನ್ ನಡುಗ್ತಾ ಇತ್ತು.’

ನಾನು ಚಪ್ಪಲಿಯನ್ನೇ ನೋಡುತ್ತಿದ್ದೆ. ಈ ಮಾತು ಎಂದಾದರೂ ಬರುತ್ತದೆ ಎಂದು ಎಂಟು ತಿಂಗಳಿಂದ ಕಾದಿದ್ದೆ. ನೀನು ಬೇಗ ಮುಗಿಸಿದ್ದರೆ ಎಂದು ಶುರುವಾಗುವ ಮಾತು.

‘ಗೊತ್ತಾಗಿತ್ತು ನಂಗೆ. ಕಾಲಿಗೇ ತಾಗ್ತಿತ್ತು. ನೀನು ಮುಗಿಸಲಿ, ಆಮೇಲೆ ನೋಡೋಣ ಅಂತ ಕೂತೆ.’

‘ಅಕ್ಕ, ನಾನು ಅಷ್ಟು ಉದ್ದ ಎಳೀಬಾರದಿತ್ತು.’

‘ಎಷ್ಟು ಎಳೆದೆ ಅಂತಾನೇ ನಂಗೆ ಗೊತ್ತಿಲ್ವಲ್ಲೋ. ಒಂದು ಮಾತೂ ತಲೆಗೆ ಹೋಗ್ಲಿಲ್ಲ. ಬ್ಯಾಗ್ ಜಿಪ್ ನೋಡ್ತಾ ಕೂತಿದ್ದೆ.’

ರತ್ನಾ ಮೂರು ಎಳನೀರು ತಬ್ಬಿಕೊಂಡು ಬಂದಳು. ‘ಆಂಟಿ, ಸಖತ್ ಸಿಹಿ ಇದೆ, ಕುಡೀರಿ’ ಎಂದಳು. ಕುಡಿದೆವು.

ಮೂರನೇ ದಿನ, ವರ್ಸಿತೊ ಅವರ ಪಡಸಾಲೆ

ಗೊಂಬೆಯಾಟ ಅಲ್ಲಿ ಇಡೀ ರಾತ್ರಿ ನಡೆಯುವುದು ವಾಡಿಕೆ. ಅಕ್ಕನ ಮಾತ್ರೆಗಳ ಹೊತ್ತು ನೋಡಿಕೊಂಡು ನಮಗೆ ಬೆಳಗ್ಗೆ ಹತ್ತಕ್ಕೆ ಬರಲು ಹೇಳಿದ್ದರು. ವರ್ಸಿತೊ ಅರವತ್ತರ ಆಚೆಯ ಸಣಕಲು ಮನುಷ್ಯ. ಮನೆಯ ಮುಂದಿನ ತೆರೆದ ಪಡಸಾಲೆಗೆ ಬಿದಿರಿನ ಚಾಪೆಗಳನ್ನು ಇಳಿಬಿಟ್ಟು ಕತ್ತಲು ಮಾಡಿದ್ದರು. ಹೊರಗೆ ಕೋಳಿಗಳು, ಮೋಪೆಡ್ಡು, ಬಿಸಿಲು. ಒಳಗೆ ಬಿಳಿ ಪರದೆ, ಅದರ ಬುಡದಲ್ಲಿ ಉದ್ದಕ್ಕೆ ಮಲಗಿಸಿದ ಬಾಳೆದಿಂಡು, ದಿಂಡಿಗೆ ಚುಚ್ಚಿ ನಿಲ್ಲಿಸಿದ ತೊಗಲುಗೊಂಬೆಗಳ ಎರಡು ಸೈನ್ಯ. ಪರದೆಗೂ ಆಡಿಸುವವರಿಗೂ ನಡುವೆ ತೂಗುವ ಎಣ್ಣೆದೀಪ.

ಅವರ ತಾಯಿಗೆ ಎಂಬತ್ತು ದಾಟಿದೆ. ನೆರೆಯ ನಾಲ್ಕು ಹೆಂಗಸರೊಂದಿಗೆ ಪರದೆಯ ಆಚೆ ಬದಿಗೆ ಹೋಗಿ ಕೂತರು. ಮದುವೆಯಾಗಿ ಬಂದಂದಿನಿಂದ ಆಕೆ ನೋಡುವುದು ನೆರಳನ್ನು ಮಾತ್ರ, ಗೊಂಬೆಯ ಬಣ್ಣ ಯಾವುದೆಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಾರಂತೆ.

ರತ್ನಾ ನಮ್ಮ ಕಥೆ ಮೊದಲೇ ಹೇಳಿದ್ದಳು ಎಂದು ಕಾಣುತ್ತದೆ. ವರ್ಸಿತೊ ಗೊಂಬೆಯ ತೋಳು ಒರೆಸುತ್ತಾ ಅಕ್ಕನನ್ನು ಒಂದೇ ಪ್ರಶ್ನೆ ಕೇಳಿದರು. ರತ್ನಾ ತಿಳಿಸಿದಳು: ‘ಆಂಟಿ, ಅವನು ಈಗ ಎಲ್ಲಿದಾನೆ ಅಂತ ಕೇಳ್ತಿದಾರೆ.’

‘ಯಾರು?’

‘ಸೂರ್ಯನ ಮಗ. ನೀವು ಎಲ್ಲಿ ಬಿಟ್ರಿ ಅವನನ್ನ?’

ಅಕ್ಕ ಹೇಳಿದಳು. ರಥದಿಂದ ಇಳಿದಿದ್ದಾನೆ. ಬಿಲ್ಲು ಕೆಳಗಿಟ್ಟಿದ್ದಾನೆ. ಎರಡೂ ಕೈ ಚಕ್ರದ ಮೇಲಿದೆ.

‘ಎಂಟು ತಿಂಗಳಿಂದಲಾ?’ ಎಂದರು ವರ್ಸಿತೊ. ಅವರ ಮುಖದಲ್ಲಿ ನಿಜವಾದ ಗಾಬರಿ ಇತ್ತು. ಬಿಸಿಲಲ್ಲಿ ಎತ್ತು ಕಟ್ಟಿ ಮರೆತುಬಂದವರನ್ನು ನೋಡುವ ಹಾಗೆ ನಮ್ಮನ್ನು ನೋಡಿದರು. ಅವರಲ್ಲಿ ಆಟ ಮುಗಿದಾಗ ಬೆಟ್ಟದಂತೆಯೂ ಮರದಂತೆಯೂ ಕಾಣುವ ಒಂದು ಎಲೆಯಾಕಾರದ ಗೊಂಬೆಯನ್ನು ಪರದೆಯ ನಡುವೆ ನೆಡುತ್ತಾರೆ. ಅದನ್ನು ನೆಡುವವರೆಗೆ ಒಳಗಿನವರು ಯಾರೂ ಮಲಗುವ ಹಾಗಿಲ್ಲ, ಸತ್ತವರೂ ಕೂಡ.

ಜಾವಾದ ಕಥೆಯಲ್ಲಿ ಆ ಚಕ್ರಕ್ಕೆ ಅಂಥ ದೊಡ್ಡ ಜಾಗವಿಲ್ಲ. ವರ್ಸಿತೊ ಅವರ ಪೆಟ್ಟಿಗೆಯಲ್ಲಿ ರಥವಿತ್ತು, ಬಿಡಿ ಚಕ್ರ ಇರಲಿಲ್ಲ. ಹಾಗಾಗಿ ಹಿಂದಿನ ಸಂಜೆ ನೂಡಲ್ಸಿನ ರಟ್ಟಿನ ಡಬ್ಬ ಕತ್ತರಿಸಿ ಒಂದನ್ನು ಮಾಡಿ ಕಡ್ಡಿಗೆ ಕಟ್ಟಿಟ್ಟಿದ್ದರು. ನಡುವಿನಿಂದ ಅಂಚಿಗೆ ಹನ್ನೆರಡು ಅರೆಕಾಲು, ಒಂದೊಂದನ್ನೂ ಕೊರೆದಿದ್ದರು. ಒಂದು ಅರೆಕಾಲಿನ ಮೇಲೆ ಈರುಳ್ಳಿಯ ಚಿತ್ರ ಅರ್ಧ ಉಳಿದಿತ್ತು. ಅದನ್ನು ಕಂಡು ಅಕ್ಕ ಪುಸ್ತಕ ತೆಗೆದಳು.

ಅಕ್ಕ ವರ್ಸಿತೊ ಅವರ ಎಡಕ್ಕೆ ಕೂತಳು. ಹಿಂದೆ ಕೂತ ವಾದ್ಯದವರ ಕಂಚಿನ ಬಟ್ಟಲುಗಳ ಸಾಲಿನಲ್ಲಿ ಜಾಗವಿಲ್ಲದೆ ನಾನು ಪರದೆಗೆ ಭುಜ ತಾಗುವಷ್ಟು ಹತ್ತಿರ ತುರುಕಿಕೊಂಡೆ. ಒಂದು ನಿಮಿಷಕ್ಕಿಂತ ಹೆಚ್ಚು ಮಾತಾಡುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡಿದ್ದೆ. ಇಲ್ಲಿ ಕನ್ನಡ ಬಲ್ಲವಳು ರತ್ನಾ ಒಬ್ಬಳೇ, ಅದೂ ಆಟೋ ಹತ್ತುವಷ್ಟು, ಊಟಕ್ಕೆ ಹೇಳುವಷ್ಟು.

ಶ್ರುತಿಪೆಟ್ಟಿಗೆ ಎದ್ದಿತು. ಅಕ್ಕ ಗಂಟಲು ಸರಿಮಾಡಿಕೊಂಡಳು. ಎಂಟು ತಿಂಗಳ ಧೂಳು ಹತ್ತಿದ ಧ್ವನಿ, ಮೊದಲ ಸಾಲಿನಲ್ಲಿ ಎರಡು ಕಡೆ ಬಿರಿಯಿತು. ಅವಳು ಮತ್ತೆ ಮೊದಲಿಂದ ಎತ್ತಿಕೊಂಡಳು. ವಾದ್ಯದವರು ಒಂದೇ ಒಂದು ಬಟ್ಟಲನ್ನು ತಟ್ಟಿ ಬಿಟ್ಟರು. ದೀಪ ತೂಗಿತು. ಎದುರಿನ ಗೊಂಬೆ ರಥದಿಂದ ಇಳಿಯಿತು. ತೊಗಲಿನ ತೆಳ್ಳನೆಯ ಕೈ ರಟ್ಟಿನ ಚಕ್ರಕ್ಕೆ ತಾಗಿತು. ಪದ್ಯ ಅಲ್ಲಿಗೆ ನಿಂತಿತು.

ಅಕ್ಕ ನನ್ನ ಕಡೆ ತಿರುಗಿದಳು.

ನಾನು ಎರಡು ವಾಕ್ಯ ಹೇಳಿ ಮುಗಿಸಿದೆ. ಅವಳು ಮುಂದಕ್ಕೆ ಹೋಗಲಿಲ್ಲ.

‘ಪೂರ್ತಿ ಹೇಳು’ ಎಂದಳು ಮೆಲ್ಲಗೆ. ‘ಅವತ್ತು ಹೇಳಿದ್ದಷ್ಟೂ ಹೇಳು. ನಾನು ಕೇಳ್ಬೇಕು.’

ಹೇಳಿದೆ. ಆ ದಿನದ ಅಲಂಕಾರದ ಮಾತುಗಳು ಒಂದೂ ನೆನಪಾಗಲಿಲ್ಲ. ಬಂದದ್ದು ಇಷ್ಟು. ಈ ವೀರ ಹುಟ್ಟಿದಂದಿನಿಂದ ಯಾರನ್ನೂ ಏನನ್ನೂ ಬೇಡಿದವನಲ್ಲ, ಬೇಡಿದವರಿಗೆಲ್ಲ ಕೊಟ್ಟವನು. ಜೀವಮಾನದಲ್ಲಿ ಒಂದೇ ಸಲ ಬಾಯಿಬಿಟ್ಟು ಬೇಡುತ್ತಾನೆ, ಅದೂ ವೈರಿಯನ್ನು. ರಾಜ್ಯ ಬೇಡುವುದಿಲ್ಲ, ಪ್ರಾಣ ಬೇಡುವುದಿಲ್ಲ. ಸ್ವಲ್ಪ ತಾಳು, ಚಕ್ರ ಎತ್ತಿಕೊಂಡುಬಿಡುತ್ತೇನೆ ಎನ್ನುತ್ತಾನೆ. ನಾವು ಹಾಲಿನವನಿಗೆ, ಬಾಗಿಲು ತಟ್ಟಿದವರಿಗೆ, ಬಸ್ಸಿಗೆ ಹೇಳುವ ಮಾತು. ಅಷ್ಟು ದೊಡ್ಡ ಕಾವ್ಯದ ಅಷ್ಟು ದೊಡ್ಡ ವೀರ ಕೊನೆಗೆ ಕೇಳಿದ್ದು ನಮ್ಮ ನಿಮ್ಮ ಹಾಗೆ ಒಂದು ನಿಮಿಷ. ನಾವು ಅವನಂತೆ ಆಗಲಿ ಎಂದು ಹಿಂದಿನವರು ಅವನ ಕಥೆ ಕಟ್ಟಿರಲಾರರು. ಅಷ್ಟು ಎತ್ತರದವನೂ ಒಂದು ಗಳಿಗೆ ನಮ್ಮಂತೆ ಆಗುತ್ತಾನೆ, ಆಗ ಅವನ ಜೊತೆ ಯಾರಾದರೂ ಇರಲಿ ಎಂದು ಕಟ್ಟಿರಬೇಕು. ಚಕ್ರ ಹೂತಾಗ ಅವನ ಹತ್ತಿರ ಯಾರೂ ಇರಲಿಲ್ಲ. ಓದುವವರು ಇದ್ದರು. ಕೇಳುವವರು ಇದ್ದರು.

ಅಕ್ಕ ಕಣ್ಣು ಮಿಟುಕಿಸದೆ ಕೇಳಿದಳು. ನಾನು ಅವಳನ್ನೇ ನೋಡುತ್ತಾ, ಅವನು ಹೇಗೆ ಬಾಗಿದ, ಹೇಗೆ ಭುಜ ಕೊಟ್ಟ, ಹೇಗೆ ಎತ್ತಲು ಹೋದ ಎಂದು ಅಭ್ಯಾಸಬಲದಿಂದ ಕೈಯಾಡಿಸಿ ತೋರಿಸುತ್ತಿದ್ದೆ. ಎಷ್ಟು ಹೊತ್ತಾಯಿತೋ ತಿಳಿಯಲಿಲ್ಲ. ಇಪ್ಪತ್ತು ನಿಮಿಷ ಆಗಿದ್ದರೂ ಆಗಿರಬಹುದು. ಕನ್ನಡ ಬಾರದವರು ಯಾರೂ ಕೆಮ್ಮಲಿಲ್ಲ.

ಆಮೇಲೆ ಅಕ್ಕ ಮುಂದಿನ ಪದ್ಯ ಎತ್ತಿದಳು. ಬಾಣ ಬಂತು. ಗೊಂಬೆ ಬಾಳೆದಿಂಡಿನ ಮೇಲೆ ಮೆಲ್ಲನೆ ಒರಗಿತು. ಅವಳ ಧ್ವನಿ ಬಿರಿಯಲಿಲ್ಲ. ನಿಲ್ಲಿಸದೆ ಪುಟಗಳನ್ನು ಮಗುಚಿ, ಯುದ್ಧವೆಲ್ಲ ಮುಗಿದ ಮೇಲೆ ಆ ಐವರ ಮನೆತನದಲ್ಲಿ ಉಳಿದ ಒಂದೇ ಕೂಸು ಹುಟ್ಟುವ ಪದ್ಯ ಓದಿದಳು. ವರ್ಸಿತೊ ಬೆಟ್ಟದ ಗೊಂಬೆಯನ್ನು ಎರಡೂ ಕೈಯಲ್ಲಿ ಹಿಡಿದು ಪರದೆಯ ನಟ್ಟನಡುವೆ ನೆಟ್ಟರು. ಯಾರೋ ಒಂದು ಚಾಪೆ ಎತ್ತಿದರು. ಬಿಸಿಲು ಒಳಗೆ ಬಂದು ಅಕ್ಕನ ಮಡಿಲಲ್ಲಿ ಕೂತಿತು.

ಪರದೆಯ ಆಚೆ ಬದಿ

ಚಹಾ ಕುಡಿಯುತ್ತಿದ್ದಾಗ ಅಜ್ಜಿ ಪರದೆಯನ್ನು ಸುತ್ತಿ ಈಚೆಗೆ ಬಂದರು. ನೇರ ನನ್ನ ಹತ್ತಿರ ಕೂತು, ಬಲಗೈ ಹಿಡಿದು, ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಯುಷ್ಯ ಹೇಳುತ್ತಾರೇನೋ ಎಂದು ನಾನು ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದೆ.

ಅವರು ಕೇಳಿದ್ದನ್ನು ರತ್ನಾ ಎರಡು ಸಲ ಕೇಳಿಸಿಕೊಂಡಳು. ‘ಅಂಕಲ್, ಅಜ್ಜಿ ಹೇಳ್ತಿದಾರೆ, ಆ ಕಡೆ ಒಂದು ದೊಡ್ಡ ಕೈ ಬಂತಂತೆ. ಇಷ್ಟು ದೊಡ್ಡದು. ಬಂದು ಚಕ್ರ ಎತ್ತಿಬಿಡ್ತಂತೆ. ಚಕ್ರ ಮೇಲೆ ಬಂತಲ್ಲ, ಮತ್ತೆ ಅವನು ಯಾಕೆ ಸತ್ತ, ಅಂತ ಕೇಳ್ತಿದಾರೆ.’

ನಾನು ವರ್ಸಿತೊ ಅವರ ಮುಖ ನೋಡಿದೆ. ಅವರು ಲೋಟದೊಳಗೆ ನೋಡುತ್ತಾ ಏನೋ ಗೊಣಗಿದರು. ಮಾತಾಡುವವರ ಕೈಯನ್ನು ಹಿಂಬಾಲಿಸಿ ನಲವತ್ತು ವರ್ಷ ಅಭ್ಯಾಸವಾಗಿದೆ, ನಿಮ್ಮ ಕೈ ಎತ್ತಿತು, ನಾನೂ ಚಕ್ರ ಎತ್ತಿದೆ ಎಂದರಂತೆ.

ಅಜ್ಜಿ ನನ್ನ ಕೈ ಬಿಟ್ಟಿರಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದರು. ಇಷ್ಟು ವರ್ಷದ ವ್ಯಾಖ್ಯಾನದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

‘ಬಂದಿತ್ತು ಅಂತ ಹೇಳಮ್ಮ’ ಎಂದಳು ಅಕ್ಕ, ರತ್ನಾಳಿಗೆ. ‘ಚಕ್ರ ನಿಜವಾಗ್ಲೂ ಮೇಲೆ ಬಂದಿತ್ತು, ನಾಳೆ ಮನೆಗೆ ಹೋಗೋದಿತ್ತು. ಆದ್ರೂ ಹೋಗ್ಬಿಟ್ರು ಅಂತ ಹೇಳು.’

ರತ್ನಾ ಹೇಳಿದಳು. ಅಜ್ಜಿ ಬಹಳ ಹೊತ್ತು ತಲೆದೂಗಿದರು. ಹಾಗೂ ಆಗುವುದುಂಟು ಎಂಬಂತೆ. ಆಮೇಲೆ ನನ್ನ ಕೈಯನ್ನು ನನ್ನ ತೊಡೆಯ ಮೇಲೆ ಜೋಪಾನವಾಗಿ ಇಟ್ಟು, ಅಕ್ಕನ ಕಡೆ ಸರಿದು ಕೂತರು.

ಆ ಪ್ರವಾಸದಲ್ಲಿ ಕೆಟ್ಟದ್ದು ಇದೊಂದೇ. ಮಾತಾಡುವಾಗ ನನ್ನ ಕೈ ದೀಪಕ್ಕೆ ಅಡ್ಡ ಬಂದಿತ್ತು.